ಮೂರನೆಯ ರೀಡಿಂಗ್

ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಿದರೆ ಅಮ್ಮ ಸ್ಪೀಕರ್ ಹಾಕಿಸುತ್ತಾಳೆ, ಅದಕ್ಕೇ ಈ ಕಾಗದ. ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ತೊಡೆಯ ಮೇಲಿಟ್ಟು ಬರೆದು ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ನಗಬೇಡ.

ನೀರು ಪರೀಕ್ಷೆ ಮಾಡುವ ಈ ಲ್ಯಾಬಿನಲ್ಲಿ ಒಂದು ವಾರ ಕೆಲಸ ಮಾಡಿ ತೋರಿಸು ಅಂದಿದ್ದರಲ್ಲ, ಇವತ್ತೇ ಕೊನೆಯ ದಿನ. ಮೇಲ್ವಿಚಾರಕಿಗೆ ನಾನಿಟ್ಟ ಹೆಸರು ಗಿಡುಗಮ್ಮ, ಕಣ್ಣು ಹಾಗಿವೆ. ಬೆಳಿಗ್ಗೆ ಅವರೇ ಕರೆದು, ಮೂರು ಗಂಟೆಗೆ ನೇಮಕದ ಕಾಗದಕ್ಕೆ ಸಹಿ ಹಾಕ್ತೀನಿ, ಸೋಮವಾರದಿಂದ ಬಾ ಎಂದರು. ವೀಸಾ ಮುಗಿಯಲು ಹನ್ನೊಂದೇ ದಿನ ಉಳಿದಿದೆ, ಕೆಲಸ ಸಿಗದಿದ್ದರೆ ಈ ದೇಶ ಬಿಡಬೇಕಿತ್ತು. ಹೋದ ಜೀವ ಬಂದಂತಾಯಿತು.

ಆಮೇಲೆ ಪರೀಕ್ಷೆಗೆ ಬಳಸಿದ ಗಾಜಿನ ಫ್ಲಾಸ್ಕ್‌ಗಳನ್ನು ತೊಳೆಯಲು ಹೋದೆ. ಒಂದು ಒಣಗಿಯೇ ಇತ್ತು. ಅಂದರೆ ಒಂದು ಪರೀಕ್ಷೆ ಮಾಡಿಯೇ ಇಲ್ಲ.

ಇಲ್ಲಿ ಪ್ರತಿ ಬಾಟಲಿಯ ನೀರನ್ನು ಮೂರು ಸಲ ಪರೀಕ್ಷಿಸಬೇಕು. ಏಳನೆಯ ಬಾಟಲಿಗೆ ಎರಡು ಸಲ ಒಂದೇ ಅಂಕಿ ಬಂತು. ಮೂರನೆಯ ಸಲ ಪರೀಕ್ಷೆ ಮಾಡದೆಯೇ ಕೈ ತಾನಾಗಿ ಅದೇ ಅಂಕಿ ಬರೆದುಬಿಟ್ಟಿದೆ! ನಮ್ಮ ಕಾಲೇಜಿನ ಪ್ರಾಕ್ಟಿಕಲ್ ಗೊತ್ತಲ್ಲ: ಉತ್ತರ ಮೊದಲು, ರೀಡಿಂಗ್ ಆಮೇಲೆ. ನಕಲಿಗೆ ಸೀನಿಯರ್ ರೆಕಾರ್ಡ್ ಒಂದಿದ್ದರೆ ಇಡೀ ಬ್ಯಾಚ್ ಪಾಸು. ನೀನೇ ಕಲಿಸಿದ ವಿದ್ಯೆ, ಪುಣ್ಯಾತ್ಗಿತ್ತಿ. ನಿನ್ನ ಮೇಲೆ ಸಿಟ್ಟು ಬರುತ್ತಿದೆ, ಆದರೆ ಬರೆದವಳು ನಾನೇ.

ಆ ಬಾಟಲಿಯಲ್ಲಿರುವುದು ಯಾವುದೋ ಶಿಶುವಿಹಾರದ ನಲ್ಲಿ ನೀರು. ವರದಿಯೂ ಮೂರು ಗಂಟೆಗೇ ಹೊರಡುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಹೆದರಿಕೆಯಾಗುತ್ತಿದೆ ಅಕ್ಕಾ. ಆ ಮಕ್ಕಳು ಎಷ್ಟು ವರ್ಷದವರೋ ಏನೋ.

ಊಟದ ವಿರಾಮ ಮುಗಿಯಿತು. ಒಳಗೆ ಹೋಗುತ್ತೇನೆ.

ಇಂತಿ ನಿನ್ನ
ಬಾಲಂಗೋಚಿ

ತಾ.ಕ.: ಈಗ ನಾಲ್ಕು ಗಂಟೆ. ವರದಿ ಹೊರಡುವ ಮುಂಚೆಯೇ ಹೇಳಿದೆ. ಗಿಡುಗಮ್ಮ ಏಳನೇ ಬಾಟಲಿಯನ್ನು ಮುಂದಿಟ್ಟರು. ಪರೀಕ್ಷೆಯ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ನೋಡಿದೆ. ನಾನು ಬರೆದಿದ್ದ ಅಂಕಿಯೇ ಬಂತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಗುತ್ತಾ ಅವರ ಮುಖ ನೋಡಿದೆ. ಅಂಕಿ ಸರಿಯಾಗೇ ಇದೆ, ಆದ್ರೆ ನೀನು ನೋಡದೇ ಬರೆದಿದ್ದೆ ಎಂದರು. ಸಹಿಯಾಗದ ಕಾಗದ ಡ್ರಾಯರಿನೊಳಗೆ ಹೋಯಿತು. ಸೋಮವಾರ ಬರೋದು ಬೇಡ ಎಂದರು, ದನಿ ಏರಿಸಲೂ ಇಲ್ಲ.

ನಿನಗೆ ಹೇಳದ್ದು ಇನ್ನೊಂದಿದೆ. ಬೆಳಿಗ್ಗೆಯೇ ಅಪ್ಪನಿಗೆ ಫೋನ್ ಮಾಡಿ ಕೆಲಸ ಸಿಕ್ಕಿತು ಅಂದುಬಿಟ್ಟಿದ್ದೆ. ಅಪ್ಪ ಅತ್ತುಬಿಟ್ಟಿದ್ದರು. ಈಗ ಅವರ ನಂಬರ್ ಒತ್ತುತ್ತಿದ್ದೇನೆ.