ಗಂಗೋತ್ರಿ ಕಣ್ಣು ಮುಚ್ಚಿದ್ದು

10 ಜೂನ್ 2018, ಭಾನುವಾರ

ಬಟ್ಟೆ ಒಗೆದದ್ದು, ತಲೆಗೆ ಸ್ನಾನ, ಆಮೇಲೆ ಅಪ್ಪ, ತಂಗಿಯ ಜೊತೆ ರೊಳ್ಳ ರಸ್ತೆಯ ಹೊಸ ಧ್ಯಾನ ಮಂದಿರ. ವಾರಕ್ಕೊಂದೇ ರಜೆ, ಅದೂ ಹೀಗೆ. ಅಲ್ಲಿ ವಿಗ್ರಹವಿಲ್ಲ, ಗಂಟೆಯಿಲ್ಲ. ಬಿಳಿ ಗೋಡೆ, ಫ್ಯಾನು. ಕುಂಕುಮ ತಂದ ಹೆಂಗಸರು ಯಾರಿಗೆ ಹಚ್ಚುವುದೆಂದು ತಿಳಿಯದೆ ಪೊಟ್ಟಣ ಹಿಡಿದೇ ಕೂರುತ್ತಾರೆ.

ಇವತ್ತು ಹಚ್ಚಿದರು — ನನ್ನ ತಂಗಿಗೆ! ಎಲ್ಲರೂ ಎದ್ದರೂ ಗಂಗೋತ್ರಿ ಏಳಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಅಲ್ಲಾಡದೆ. "ಧ್ಯಾನ ಕೂಡಿಬಂತು, ಮುಟ್ಟಬೇಡಿ" ಎಂದರು ಧ್ಯಾನ ಹೇಳಿಕೊಡುವ ಗೋವರ್ಧನ್ ಮಾಸ್ಟರ್. ಪಕ್ಕದಲ್ಲಿದ್ದ ಕದಿರಮ್ಮ ಅವಳ ಹಣೆಗೆ ಕುಂಕುಮವಿಟ್ಟು ಕಾಲಿಗೆ ಬಿದ್ದಳು. ಆಮೇಲೆ ಸಾಲೇ ಸಾಲು.

ಮನೆಗೆ ಬಂದು ಕೇಳಿದೆ. "ನಿದ್ದೆ ಬಂದಿತ್ತು ಕಣಕ್ಕ, ಅಷ್ಟೇಯ."

ಕಂಪ್ನಿ ವ್ಯಾನಿನಲ್ಲಿ ಕೂತೇ ನಿದ್ದೆ ಮಾಡುವುದು ನಮ್ಮಂಥ ಗಾರ್ಮೆಂಟ್ಸಿನವರೆಲ್ಲ ಕಲಿತ ವಿದ್ಯೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

19 ಜೂನ್

ನಗು ಹೋಯಿತು. ಮೊನ್ನೆ ಭಾನುವಾರವೂ ಅವಳನ್ನೇ ಮುಂದೆ ಕೂರಿಸಿದರು. ಹೆದರಿ ಕಣ್ಣು ಮುಚ್ಚಿಯೇ ಇದ್ದಳು. ಅಪ್ಪನಿಗೆ ಊರಲ್ಲಿ ಹೊಸ ಮರ್ಯಾದೆ... ಕುರಿ ಕಾಯುವವನೆಂದು ನಿಲ್ಲಿಸಿಕೊಂಡೇ ಮಾತಾಡಿಸುತ್ತಿದ್ದವರು "ಬಾ ಸಣ್ಣತಿಮ್ಮಪ್ಪಣ್ಣ, ಕೂತ್ಕ" ಅನ್ನುತ್ತಾರೆ.

"ಹೇಳಿಬಿಡೇ" ಎಂದೆ.

"ಅಪ್ಪನ ಮಖ ನೋಡಿದ್ಯಾ? ಹೆಂಗೆ ಹೇಳ್ಲಿ?"

30 ಜೂನ್, ಸಂಜೆ

ಅಮರಾಪುರದಿಂದ ಫೋನು. ಗಂಗೋತ್ರಿಗೆ ಗೊತ್ತು ಮಾಡಿದ್ದ ಹುಡುಗ ನಾಗಾರ್ಜುನನ ತಾಯಿ, ಚಿತ್ತಮ್ಮ. "ದ್ಯಾವ್ರು ಬಂದಿರೋ ಹುಡ್ಗೀನ ಸೊಸೆ ಮಾಡ್ಕೊಂಡು ಪಾತ್ರೆ ತೊಳಿ ಅನ್ನಾಕಾಯ್ತದಾ? ನಾಳೆ ಮಂದಿರಕ್ಕೇ ಬಂದು ತಾಂಬೂಲ ವಾಪಸ್ ಕೊಡ್ತೀವಿ."

ಅಪ್ಪ "ಅವಳ ದಾರೀನೇ ಬ್ಯಾರೆ ಬಿಡಮ್ಮ" ಎಂದುಬಿಟ್ಟರು. ಓವರ್‌ಟೈಮ್ ಮುಗಿಸಿ ಬಂದ ಗಂಗೋತ್ರಿ ಬ್ಯಾಗೂ ಇಳಿಸದೆ ಅತ್ತಳು. ನಾಗಾರ್ಜುನ ಎಂದರೆ ಅವಳಿಗೆ ಪ್ರಾಣ. ನನಗೆ ಮೈಯೆಲ್ಲ ಉರಿ.

1 ಜುಲೈ, ಮಧ್ಯಾಹ್ನ



ಮಂದಿರ ತುಂಬಿತ್ತು. ಬಾಗಿಲಲ್ಲಿ ಚಿತ್ತಮ್ಮ, ಕೈಯಲ್ಲಿ ತಟ್ಟೆ. ಎಲ್ಲರ ಮುಂದೆ ಗಂಗೋತ್ರಿ. ನೋಡಿದೆ — ತುಟಿ ಸಡಿಲ, ಉಸಿರು ನಿಧಾನ. ನಾಟಕವಲ್ಲ, ನಿಜವಾದ ನಿದ್ದೆ. ರಾತ್ರಿಯೆಲ್ಲ ಅತ್ತಿದ್ದಳಲ್ಲ.

ಚಿತ್ತಮ್ಮ ತಟ್ಟೆ ಚಾಚಿದಳು. ಅಪ್ಪ ಕೈ ನೀಡಿದರು.

ಎದ್ದು ನಿಂತು, ದಿನಾ ಬೆಳಗ್ಗೆ ವ್ಯಾನಿನಲ್ಲಿ ಕೂಗುವ ಹಾಗೆ ಕೂಗಿಬಿಟ್ಟೆ. "ಕಂಪ್ನಿ ಬಂತು, ಇಳೀರೇ!"

ಗಂಗೋತ್ರಿ ದಡಬಡಿಸಿ ಎದ್ದಳು. ಪಕ್ಕದಲ್ಲಿ ಟಿಫನ್ ಬ್ಯಾಗು ತಡಕಿದಳು. "ಅಯ್ಯೋ ಅಕ್ಕ, ಪಂಚಿಂಗ್ ಲೇಟಾಯ್ತಾ?" ಹಿಂದಿನ ಸಾಲಿನಲ್ಲಿ ನಮ್ಮ ವ್ಯಾನಿನ ಹುಡುಗಿಯರೂ ಎದ್ದು ನಿಂತಿದ್ದರು!

ಚಿತ್ತಮ್ಮ ತಟ್ಟೆ ಹಿಂದಕ್ಕೆಳೆದುಕೊಂಡಳು. "ಅಯ್ಯ ನನ್ ಕಂದ, ನಿದ್ದೆಗೆಟ್ಟು ಸಾಯ್ತಾವ್ಳಲ್ಲ ಇವ್ಳು! ಯಾವ ದ್ಯಾವ್ರೂ ಇಲ್ಲ, ಏನೂ ಇಲ್ಲ." ಗಂಗೋತ್ರಿಯ ಮೂಗಿನ ಮೇಲೆ ಉದುರಿದ ಕುಂಕುಮವನ್ನು ಸೆರಗಿನಿಂದ ಒರೆಸಿದಳು.

ಅಪ್ಪನ ಕೈ ಹಾಗೇ ಚಾಚಿತ್ತು. ಯಾರೋ ನಕ್ಕರು. ಅಪ್ಪ ಟವಲು ಕೊಡವಿ ಹೊರಟರು. ತಿರುಗಿ ನೋಡಲಿಲ್ಲ.

ಅದೇ ದಿನ, ಸಂಜೆ

ಮದುವೆ ಉಳಿಯಿತು. ಆದರೆ ನಾಲ್ಕು ಜನರೆದುರು ಅಪ್ಪನಿಗೆ ನನ್ನಿಂದಲೇ ಹೀಗಾಯಿತಲ್ಲ...

ಅಪ್ಪ ಈಗ ಬಂದರು. ಹೊಸ್ತಿಲ ಆಚೆಯೇ ನಿಂತು ಕೇಳಿದರು.

"ಸೌಭಾಗ್ಯ, ನಿನ್ ತಂಗಿ ಎಲ್ಲವ್ಳೆ?"

"ಮಲಗವ್ಳೆ ಅಪ್ಪ."

ಹೆಗಲ ಟವಲು ತೆಗೆದು ಜಗಲಿಯ ಮೇಲೆ ಹಾಸಿದರು.

"ಎಬ್ಬಿಸ್ಬ್ಯಾಡ" ಎಂದರು.

ಜಗಲಿಯ ಮೇಲೆ ಕೂತಿದ್ದಾರೆ. ಊಟಕ್ಕೆ ಕರೆಯಬೇಕು. ಎದುರಿಗೆ ಹೋಗಿ ನಿಲ್ಲಲು ಮುಖವಿಲ್ಲ, ಆದರೂ ಊಟ ಬಡಿಸಿಕೊಂಡು ಜಗಲಿಗೇ ಹೋಗುತ್ತೇನೆ.