ಸೀತಾನ ಗೆರಿ, ನಮ್ಮ ಸುವರ್ಣಾ

ಮಾದನಹಿಪ್ಪರಗಾ
೧೨ ನವೆಂಬರ್ ೨೦೨೪

ಪ್ರೀತಿಯ ತಂಗಿ ಸುಮಂಗಲಾ,

ನಾವಿಲ್ಲಿ ಆರಾಮ ಇದ್ದೇವಿ. ಇಜೇರ್ಯಾಗ ನೀವೆಲ್ಲಾ ಹೆಂಗದೀರಿ? ಅವ್ವನ ಮೊಣಕಾಲ ನೋವು ಕಡಿಮಿ ಆತೇನು? ದೀಪಾವಳಿ ಮುಗದ ಮ್ಯಾಲೆ ಬರೀತೇನಿ ಅಂದಿದ್ದೆ, ತಡಾ ಆತು, ಸಿಟ್ಟಾಗಬ್ಯಾಡ. ಫೋನ್ ಹಚ್ಚಬಹುದಿತ್ತಲ್ಲ ಅಂತಿ. ಫೋನ್ ಹಿಡದ್ರ ಮನ್ಯಾಗ ಎಲ್ಲಾರ ಕಿವಿ ನನ್ನ ಕಡೀಗೇ ಇರ್ತಾವ. ಇಲ್ಲಿ ತೊಗರಿ ಹೂ ಬಿಟ್ಟದ. ಮಾಡ ಕವದ್ರ ಹೂ ಉದರ್ತದಂತ ನಮ್ಮವರು ಆಕಾಶ ನೋಡ್ಕೋತ ತಿರಗಾಕತ್ತಾರ. ನನ್ನ ತಲಿ ಮಾತ್ರ ಚಿಟ್ಟ ಹಿಡದದ.

ನಾ ಪಂಚಾಯ್ತಿ ಮೆಂಬರ್ ಆಗಿ ಊರ ಲೈಬ್ರರಿ ರಾತ್ರಿ ಎಂಟರ ತನಕ ತಗಸಿದ್ದು ನಿನಗ ಗೊತ್ತದ. ಪರೀಕ್ಷಾಕ್ಕ ಓದೋ ಹುಡಿಗೇರು ಹೊತ್ತು ಮುಳಗಿದ ಮ್ಯಾಲೂ ಅಲ್ಲೇ ಕೂಡ್ತಿದ್ರು. ನನ್ನ ಮಗಳು ಸುವರ್ಣಾನೂ ಪೊಲೀಸ್ ಪರೀಕ್ಷಾಕ್ಕ ಓದಾಕತ್ತಿದ್ಳು. ಹೋದ ವಾರ ಗ್ರಾಮಸಭಾದಾಗ, ಅದನ್ನ ಸಂಜಿಗೇ ಮುಚ್ಚಬೇಕಂತ ತಕರಾರು ಬಂತು.

ಮೊದಲ ಊರ ಹಿರ್ಯಾರು ಗುರುನಾಥ ಕಾಕಾ ಎದ್ದರು. "ಲಕ್ಷ್ಮಣ ಗೆರಿ ಹೊಡದು ಹೋಗಿದ್ದ. ಸೀತಾಮಾತಾ ದಾಟಿದಳು. ಅದಕ್ಕ ಯುದ್ಧ ಆತು. ಹೆಣ್ಣಮಕ್ಕಳಿಗೆ ಗೆರಿ ಬೇಕಂತ ಹಿರ್ಯಾರು ಸುಮ್ನ ಹೇಳಿಲ್ರಿ" ಅಂದರು. ಮಂದಿ ಚಪ್ಪಾಳಿ ಹೊಡದ್ರು.

ಆಮ್ಯಾಲೆ ಸತೀಶಕುಮಾರ ಎದ್ದ. ನಮ್ಮವರ ಗೆಳ್ಯಾ, ಆಳಂದದಾಗ ಎಲ್ಲಾ ಸಭಾಕ್ಕೂ ಅವನ್ನೇ ಭಾಷಣಕ್ಕ ಕರೀತಾರ. "ಹಸದವ ಬಾಗಲಿಗೆ ಬಂದಾನಂತ ಅನ್ನ ನೀಡಾಕ ದಾಟಿದಳು. ದಾಟಿದ್ದು ಆಕಿ ಧರ್ಮ. ತಪ್ಪು ರಾವಣಂದು, ಗೆರಿ ಮಾತ್ರ ಸೀತಾಗ ಯಾಕ್ರಿ?" ಅಂದ. ಅದಕ್ಕೂ ಚಪ್ಪಾಳಿ. ಅದೇ ಮಂದಿ, ಅವೇ ಕೈ. ಲೈಬ್ರರಿ ದಾರ್ಯಾಗ ಲೈಟ್ ಇಲ್ಲ, ಅದರ ಮಾತು ತಗೀಬೇಕಂತ ನಾ ಹೋಗಿದ್ದೆ. ತ್ರೇತಾಯುಗದಿಂದ ಮಂದೀನ ಕೆಳಗ ಇಳಸಾಕ ನನ್ನಿಂದ ಆಗಲಿಲ್ಲ.

ಅಷ್ಟರಾಗ ಹಿಂದಿನ ಸಾಲಿನ್ಯಾಗಿಂದ ಸುವರ್ಣಾ ಎದ್ದು ನಿಂತ್ಳು. ನನ್ನ ಕಡೆ ನೋಡಲಿಲ್ಲ.

"ಗುರುನಾಥ ಅಜ್ಜ ಹೇಳಿದ್ದು ಖರೇ ಅದರಿ. ಸೀತಾ ಗೆರಿ ದಾಟಬಾರದಿತ್ತು. ಸಂಜಿಗೇ ಮುಚ್ಚಿಬಿಡ್ರಿ" ಅಂದ್ಳು.

ಆಳಂದ ಕಾಲೇಜಿಗೆ ಕಳಸ್ರಿ ಅಂತ ಉಣ್ಣದ ಕೂತಾಕಿ ಇಕಿ, ಸುಮಂಗಲಾ. ಅಪ್ಪನ ಜೋಡಿ ಜಗಳಾಡಿ ಸ್ಕೂಟಿ ಕಲತಾಕಿ. ನನ್ನ ಕಿವೀನ ನಾ ನಂಬಲಿಲ್ಲ. "ಸಂಸ್ಕಾರ ಅಂದ್ರ ಇದು" ಅಂತ ಹಿರ್ಯಾರು ಹೊಗಳಿದ್ರು. ಯಾರೋ ವಿಡಿಯೋ ಮಾಡಿ ಹರಿಬಿಟ್ರು. ಕೆಲವರು ಅದರ ಕೆಳಗ ಕೈ ಮುಗದಾರ, ಕೆಲವರು ಬಾಯಿಗೆ ಬಂದಂಗ ಬೈದಾರ. ಸಭಾ ಏನೂ ತೀರ್ಮಾನ ಆಗದ ಮುಗೀತು.

ಮನಿಗೆ ಬಂದು ಕೇಳಿದ್ರ, "ಎಲ್ಲಾರೂ ಕಥಿ ಹೇಳಿದ್ರು, ನಾನೂ ಹೇಳಿದೆ" ಅಂದು ಹಾಸಿಗಿ ಹಿಡದ್ಳು.

ಅವ್ವಗ ಒಂದು ಮಾತು ಕೇಳು. ಬೀಸುವಾಗ ಸೀತಾನ ಹಾಡು ಹಾಡ್ತಿದ್ಳಲ್ಲ, ಅದರಾಗ ಗೆರಿ ಇತ್ತೋ ಇಲ್ಲೋ? ಸೀತಾ ಒಲಿ ಮುಂದಿಂದ ಎದ್ದು ಬಂದಳು ಅನ್ನೋದಷ್ಟೇ ನನಗ ನೆನಪು. ಮೂಲ ರಾಮಾಯಣದಾಗ ಗೆರೀನೇ ಇಲ್ಲ ಅಂತನೂ ಒಬ್ಬರು ಅಂದ್ರು. ಇದ್ರ ಏನು, ಇಲ್ಲದಿದ್ರ ಏನು, ಅದೂ ನನಗ ತಿಳೀವಲ್ದು. ಗುರುನಾಥ ಕಾಕಾನ ಮಾತು ಕೇಳಿದ್ರ ಮೈ ಉರೀತದ. ಸತೀಶಕುಮಾರ ಹೇಳಿದ್ದು ಚಲೋ ಅನಸ್ತದ, ಆದ್ರ ನನ್ನ ಮಗಳು ಅವನ ಎದುರಿಗೆ ಯಾಕ ನಿಂತ್ಳು?

ಅವ್ವಗ ನನ್ನ ಶರಣು. ನಿನ್ನ ಮಕ್ಕಳು ಉಂಡುಟ್ಟು ಚಂದಾಗಿರ್ಲಿ, ನಿನ್ನ ಮನಿ ತಣ್ಣಗಿರ್ಲಿ.

ನಿನ್ನ ಅಕ್ಕ,
ಕಸ್ತೂರಿಬಾಯಿ

ತಾ.ಕ.: ಕಾಗದ ಮಡಚಿಟ್ಟು ಎರಡು ದಿನ ಆತು, ಮತ್ತ ಬಿಚ್ಚಿ ಬರಿಯಾಕತ್ತೇನಿ. ನಿನ್ನೆ ಸತೀಶಕುಮಾರ ಮನಿಗೆ ಬಂದಿದ್ದ. ಚಾ ಕೊಡಬೇ ಅಂದ್ರ ಸುವರ್ಣಾ ಕೋಲಿ ಒಳಗ ಹೋಗಿ ಚಿಲಕ ಹಾಕ್ಕೊಂಡ್ಳು. ಅವ ಹೋದ ಮ್ಯಾಲೆ ಬಾಯಿ ಬಿಟ್ಳು. ಲೈಬ್ರರಿಯಿಂದ ಬರುವಾಗ ಆ ಕತ್ತಲ ದಾರ್ಯಾಗ ಅವ ಗಾಡಿ ತಗೊಂಡು ಬೆನ್ನ ಹತ್ತತಿದ್ನಂತ. ಒಂದಿನ ಕೈಯೂ ಹಿಡದಾನ.

"ಸಭಾದಾಗ ಇದನ್ನೇ ಯಾಕ ಹೇಳಲಿಲ್ಲ?" ಅಂದೆ.

"ಸೀತಾನ ಹೆಸರಲೆ ಹೇಳಿದ್ದಕ್ಕ ಎಲ್ಲಾರೂ ಕೇಳಿದ್ರು ಅವ್ವಾ. ನನ್ನ ಹೆಸರಲೆ ಹೇಳಿದ್ರ ಯಾರು ಕೇಳ್ತಿದ್ರು?" ಅಂದ್ಳು.

ನಮ್ಮವರಿಗೆ ಹೇಳಿದೆ. "ಅಷ್ಟು ಚಂದ ಮಾತಾಡಾವ ಹಂಗ ಮಾಡ್ತಾನೇನು?" ಅಂದು ಹೊಲಕ್ಕ ಹೋದ್ರು. ಠಾಣೆಗೆ ಹೋಗೋಣ ನಡಿ ಅಂದ್ರ ಸುವರ್ಣಾ ಒಲ್ಲೆ ಅಂತಾಳ. "ನನ್ನ ವಿಡಿಯೋ ಎಲ್ಲಾರ ಫೋನಿನ್ಯಾಗ ಅದ. ಗೊತ್ತಿದ್ದೂ ಗೆರಿ ಯಾಕ ದಾಟಿದಿ ಅಂತ ಮೊದಲ ನನಗೇ ಕೇಳ್ತಾರ" ಅಂತಾಳ.

ಲೈಬ್ರರಿ ಇನ್ನೂ ಎಂಟರ ತನಕ ತಗದಿರ್ತದ. ದಿನಾ ಸಂಜಿಗೆ ನಾನೇ ಹೋಗಿ ಬಾಗಲದಾಗ ಕೂಡ್ತೇನಿ, ಬ್ಯಾಟರಿ ಹಿಡಕೊಂಡು ಹುಡಿಗೇರನ್ನ ಮನಿ ಮುಟ್ಟಿಸಿ ಬರ್ತೇನಿ. ಎಲ್ಲಾರೂ ಬರಾಕತ್ತಾರ. ಸುವರ್ಣಾ ಬರವಲ್ಲಳು.