ನಡುವಿನ ಎತ್ತರ

ಮನೆ,
ಮಾರ್ಚ್ ೯, ಭಾನುವಾರ

ನನ್ನವರೇ,

ಹೇಗಿದ್ದೀರಿ? ಇಡೀ ಹಡಗಿಗೆ ಬ್ರೆಡ್ ಬೇಯಿಸುವ ನೀವು ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀರಾ? ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಹಡಗಿನ ಕರಾರನ್ನು ಇನ್ನೆರಡು ವರ್ಷ ಮುಂದುವರಿಸಲೇ ಎಂದು ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಆಮೇಲೆ. ಮೊದಲು ಸೈಕಲ್ಲಿನ ಸುದ್ದಿ ಕೇಳಿ.

ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ನನಗೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಕೈ ಜೋಮು ಹಿಡಿಯುತ್ತಿತ್ತು. ಅತ್ತೆ ಬೈದು ಬೈದು ಸಾಕಾಗಿ, ಸೈಕಲ್ಲನ್ನು ಮೈಗೆ ಹೊಂದಿಸಿಕೊಡುವ ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. ಹೌದು, ಹಾಗೂ ಒಂದು ಕಸುಬು ಇದೆ, ನಗಬೇಡಿ. ದರ್ಜಿ ಬಟ್ಟೆಗೆ ಅಳತೆ ತೆಗೆದ ಹಾಗೆ ಆಕೆ ನನ್ನ ಕಾಲು, ತೋಳು, ಭುಜ ಎಲ್ಲ ಅಳೆದಳು. ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದು, ನನ್ನನ್ನು ಹತ್ತಿಸಿ ಪೆಡಲ್ ತುಳಿಯಲು ಹೇಳಿ, ಹಿಂದೆ ನಿಂತು ನೋಡಿದಳು. "ಅಕ್ಕಾ, ಸೊಂಟ ಆ ಕಡೆ ಈ ಕಡೆ ತೂಗಾಡ್ತಿದೆ. ಸೀಟು ನಿಮಗೆ ಎತ್ತರ ಆಯ್ತು. ಯಾರ ಅಳತೆಗೆ ಇಟ್ಟಿದ್ದು ಇದನ್ನ?" ಅಂದಳು.

ಯಾರದ್ದೂ ಅಲ್ಲ ಎಂದೆ. ನೀವು ಉದ್ದ, ನಾನು ಗಿಡ್ಡ, ಇರುವುದು ಒಂದೇ ಸೈಕಲ್. ಬೇಕರಿಯ ರಾತ್ರಿ ಪಾಳಿ ಮುಗಿಸಿ ನೀವು ಇಳಿದ ಕೂಡಲೇ ನಾನು ಹತ್ತಬೇಕಿತ್ತು. ದಿನಾ ಬೋಲ್ಟು ಬಿಚ್ಚುವವರು ಯಾರು ಎಂದು ನಡುವಿನ ಎತ್ತರಕ್ಕೆ ಬಿಗಿದು ಬಿಟ್ಟೆವಲ್ಲ, ಅದನ್ನೇ ಹೇಳಿದೆ. ಆಕೆ ನಕ್ಕು, "ಹಾಗಾದ್ರೆ ಅವರಿಗೆ ಮಂಡಿ ನೋಯ್ತಿರಬೇಕಲ್ಲ?" ಅಂದಳು. ನೀವು ಇಷ್ಟು ವರ್ಷ ಚಳಿಯ ಮೇಲೆ ಹಾಕುತ್ತಿದ್ದ ನೋವು ಅದೇ. ಸೀಟು ತಗ್ಗಾಯಿತು ಎಂದು ನೀವು ಹೇಳಲಿಲ್ಲ, ಎತ್ತರವಾಯಿತು ಎಂದು ನಾನು ಹೇಳಲಿಲ್ಲ. ಒಳ್ಳೆ ಜೋಡಿ ನಾವು.

ಸೀಟು ಇಳಿಸಿ, ಹ್ಯಾಂಡಲ್ ಹತ್ತಿರಕ್ಕೆ ತಂದುಕೊಟ್ಟಳು. ಈಗ ನೀರಿನ ಟ್ಯಾಂಕಿನ ಏರನ್ನೂ ಎಲ್ಲೂ ಇಳಿಯದೆ ಹತ್ತುತ್ತೇನೆ. ಮೈ ಹಗುರಾಗಿದೆ, ಮನಸ್ಸು ಮಾತ್ರ ಹಗುರಾಗಿಲ್ಲ. ಮುಂಚೆ ನೀವು ಇಳಿದ ಸೀಟು ನಾನು ಕೂರುವಾಗ ಇನ್ನೂ ಬೆಚ್ಚಗಿರುತ್ತಿತ್ತು. ಗೇಟಿನ ಹತ್ತಿರ ಸೈಕಲ್ ಕೈಗೆ ಕೊಡುತ್ತಾ, "ಬ್ರೇಕು ಸಡಿಲ ಇದೆ, ನೋಡ್ಕೊಂಡು ಹೋಗು" ಅನ್ನುತ್ತಿದ್ದಿರಿ. ದಿನಕ್ಕೆ ಅಷ್ಟೇ ಮಾತು ಸಿಗುತ್ತಿದ್ದದ್ದು, ಈಗ ಅದಕ್ಕೇ ಜೀವ ಹಾತೊರೆಯುತ್ತದೆ. ನಿಮ್ಮನ್ನು ನೋಡಬೇಕು ಅನ್ನಿಸುತ್ತಿದೆ, ತುಂಬಾ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಸ್ವೆಟರ್ ಹಾಕಿಕೊಳ್ಳದಿದ್ದರೆ ಆ ಆಶೀರ್ವಾದವನ್ನು ವಾಪಸು ತೆಗೆದುಕೊಳ್ಳುತ್ತಾರಂತೆ.

ನಿಮ್ಮ
ಗಿಡ್ಡಿ

ಉತ್ತರ ಬರೆಯದೆಯೇ ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಕರಾರಿನ ವಿಷಯಕ್ಕೆ ಫೋನಿನಲ್ಲಿ "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದಿದ್ದೆ. ನನಗೆ ಅನುಕೂಲವಿಲ್ಲ. ಸಹಿ ಹಾಕಬೇಡಿ, ಬಂದುಬಿಡಿ.